ನಾಲ್ಕು ಬೆರಳು ಬಟ್ಟೆ

ನನಗೆ ವ್ಯಾಪಾರ ಬರುವುದಿಲ್ಲ. ಬಿ.ಕಾಂ. ಪಾಸಾದವಳು ಈ ಮಾತು ಹೇಳಬಾರದು. ಅಟ್ಟೂರಿನ ನಮ್ಮ ಮನೆತನದಲ್ಲಿ ಕಾಲೇಜು ಮೆಟ್ಟಿಲು ಹತ್ತಿದ ಮೊದಲನೆಯವಳಂತೂ ಹೇಳಲೇಬಾರದು. ಆದರೂ ಹೇಳುತ್ತಿದ್ದೇನೆ, ಅದೂ ತಲೆ ಎತ್ತಿಕೊಂಡೇ. ಮನೆಯ ಮುಂದಿನ ಶೀಟಿನ ಕೋಣೆಯಲ್ಲಿ ನಾವು ಮಕ್ಕಳ ಬಟ್ಟೆ ಹೊಲಿಯುತ್ತೇವೆ. ನಾವು ಎಂದರೆ ಅಮ್ಮ, ಅಮ್ಮನ ಗೆಳತಿ ಜಯಮ್ಮ, ನಾನು, ಮತ್ತು ಗಂಟು ಕಟ್ಟಿಕೊಂಡು ಸ್ಕೂಟರಿನಲ್ಲಿ ಅಲೆಯುವ ನನ್ನ ಗಂಡ. ನಮ್ಮ ಒಂದು ಫ್ರಾಕು ಒಂದು ಮಗುವಿಗೆ ಮೂರು ವರ್ಷ ಬರುತ್ತದೆ. ವ್ಯಾಪಾರ ಬಲ್ಲವರು ಯಾರಾದರೂ ಇಂಥ ಕೆಲಸ ಮಾಡುತ್ತಾರೆಯೇ?

ಇದಕ್ಕೆಲ್ಲ ಕಾರಣ ಅಮ್ಮ. ಅವಳೂ ಜಯಮ್ಮನೂ ಹನ್ನೊಂದು ವರ್ಷ ಗಾರ್ಮೆಂಟ್ಸ್ ಕಾರ್ಖಾನೆಯಲ್ಲಿ ದುಡಿದವರು. ಅಮ್ಮ ಹೊಲಿದದ್ದು ಬರೀ ಎಡತೋಳು, ಜಯಮ್ಮ ಬರೀ ಬಲತೋಳು. ಪೂರ್ತಿ ಅಂಗಿ ಹೇಗಿರುತ್ತದೆಂದು ಇಬ್ಬರೂ ನೆಟ್ಟಗೆ ನೋಡಿರಲಿಲ್ಲ. ನಾನು ಡಿಗ್ರಿ ಮುಗಿಸಿದ್ದು ಆ ಎಡತೋಳುಗಳ ಮೇಲೆ. ಅದಕ್ಕೇ ನಮ್ಮಲ್ಲಿ ಒಂದು ಬಟ್ಟೆಯನ್ನು ಮೊದಲಿನಿಂದ ಕೊನೆಯವರೆಗೆ ಒಬ್ಬರೇ ಹೊಲಿಯುವುದು. ಅಂಚಿನಲ್ಲಿ ನಾಲ್ಕು ಬೆರಳು ಬಟ್ಟೆ ಒಳಗೆ ಮಡಿಚಿ ಬಿಡುವುದು. ಮಗು ಬೆಳೆದಂತೆ ಹೊಲಿಗೆ ಬಿಚ್ಚಿ ಇಳಿಸಿಕೊಳ್ಳಲಿ ಎಂದು. ನನ್ನ ಘಟಿಕೋತ್ಸವದ ರವಿಕೆಗೂ ಅಮ್ಮ ಪಕ್ಕದಲ್ಲಿ ಹೀಗೇ ಬಟ್ಟೆ ಬಿಟ್ಟಿದ್ದಳು.

"ನಾನೇನು ಇನ್ನೂ ಬೆಳೀತೀನಾ?" ಎಂದು ನಕ್ಕಿದ್ದೆ.

"ಉದ್ದಕ್ಕೇ ಬೆಳೀಬೇಕು ಅಂತ ಏನೈತೆ?" ಎಂದಿದ್ದಳು.

ಹೀಗಿರುವಾಗ ಸಂಜಯನಗರದ ಮಕ್ಕಳ ಬಟ್ಟೆ ಅಂಗಡಿಯೊಂದರ ಮೇಡಂ ನಮ್ಮ ಫ್ರಾಕು ಮೆಚ್ಚಿ ವರ್ಷಪೂರ್ತಿ ಕೆಲಸ ಕೊಡುತ್ತೇನೆಂದರು. ಅದು ಸಿಕ್ಕದಿದ್ದರೆ ಜಯಮ್ಮ ಮತ್ತೆ ಕಾರ್ಖಾನೆಯ ಗೇಟಿಗೆ ಹೋಗಿ ನಿಲ್ಲಬೇಕಿತ್ತು. ನಮ್ಮಲ್ಲಿ ಕೆಲಸ ಅಷ್ಟು ಕಮ್ಮಿಯಾಗಿತ್ತು. ಆ ಅಂಗಡಿಯಲ್ಲಿ ಬಟ್ಟೆಗೆಲ್ಲ 'ಎಥಿಕಲ್' ಎಂಬ ಚೀಟಿ ಹಾಕುತ್ತಾರೆಂದು ಅಮ್ಮನಿಗೆ ಹೇಳಿದೆ.

"ಅಂಗಂದ್ರೇನೆ?"

"ಮೋಸ ಇಲ್ಲದ್ದು ಅಂತ."

"ಅದುಕ್ಕೂ ಚೀಟಿ ಅಂಟಿಸ್ಬೇಕಾ?"

ಮಾತುಕತೆಗೆ ಹೋಗುವ ದಿನ ಗಂಭೀರವಾಗಿ ಕಾಣಲೆಂದು ಅದೇ ಘಟಿಕೋತ್ಸವದ ಸೀರೆ ಉಟ್ಟೆ. ರವಿಕೆಯನ್ನು ಅಷ್ಟರಲ್ಲಿ ಎರಡು ಸಲ ಬಿಚ್ಚಿ ಅಗಲಿಸಿಯಾಗಿತ್ತು. ಮೇಡಂ ಫ್ರಾಕನ್ನು ಒಳಹೊರಗು ಮಾಡಿ ನೋಡಿದರು.

"ಎಲ್ಲಾ ಚೆನ್ನಾಗಿದೆ ಕಣ್ರೀ. ಈ ಮಡಿಕೆ ಮಾತ್ರ ತೆಗೆದ್ಬಿಡಿ. ಒಂದೇ ಫ್ರಾಕು ಮೂರು ವರ್ಷ ಬಂದ್ರೆ ಜನ ಮತ್ತೆ ನನ್ನ ಅಂಗಡಿಗೆ ಯಾಕೆ ಬರ್ತಾರೆ?"

"ಹೊಲಿಗೆ ಬಿಚ್ಚಿಸೋಕೆ ಬರ್ತಾರೆ ಮೇಡಂ. ನಾವು ಸುಮ್ನೆ ಬಿಚ್ಚಿಕೊಡ್ತೀವಿ."

ಅವರು ಕನಿಕರದಿಂದ ಕೇಳಿದರು: "ನೀವು ಏನ್ ಓದಿದ್ದೀರಿ?"

"ಬಿ.ಕಾಂ." ಎಂದೆ. ಈ ಉತ್ತರವನ್ನು ನಾನು ಯಾವತ್ತೂ ಮೆಲ್ಲಗೆ ಹೇಳಿದವಳಲ್ಲ. ಅದೇ ಭರದಲ್ಲಿ ಮುಂದುವರಿಸಿದೆ: "ಮಗು ಬೆಳೆಯುತ್ತೆ ಅಂತ ಗೊತ್ತಿದ್ದೂ ಗೊತ್ತಿಲ್ದಂಗೆ ಹೊಲಿದ್ರೆ, ಆ ಎಥಿಕಲ್ ಚೀಟಿ ಎಲ್ಲಿ ಅಂಟಿಸೋಣ ಮೇಡಂ? ಮಡಿಕೆ ಇದ್ರೆ ಬಟ್ಟೆ. ಇಲ್ಲಾಂದ್ರೆ ಇಲ್ಲ!"

ಕೊನೆಯ ಮಾತಿಗೆ ಎದೆ ತುಂಬ ಉಸಿರೆಳೆದುಕೊಂಡಿದ್ದೆ. ರವಿಕೆಯ ಪಕ್ಕ ಪರ್ರೆಂದಿತು. ಮೇಡಂಗೂ ಕೇಳಿಸಿತು. ಸೆರಗು ಹೊದ್ದು, ಆರ್ಡರು ಅಲ್ಲೇ ಬಿಟ್ಟು ಎದ್ದು ಬಂದೆ.

ಹೆಬ್ಬಾಳದ ಟ್ರಾಫಿಕ್ಕಿನಲ್ಲಿ ಗಂಡನ ಸ್ಕೂಟರು ನಿಂತಾಗ ನನ್ನ ಧೈರ್ಯವೂ ನಿಂತುಹೋಯಿತು. ಮನೆಗೆ ಬಂದು ನಡೆದದ್ದು ಹೇಳಿದೆ. ಜಯಮ್ಮ ಮಿಷನ್ ನಿಲ್ಲಿಸಿದರು. "ಅಂಗಾರೆ ನಾನು ಮತ್ತೆ ಬಲತೋಳೇನವ್ವ?" ಎಂದು ನಕ್ಕರು. ಆ ನಗು ನೋಡಲಾಗಲಿಲ್ಲ.

ಮರುದಿನವೇ ನಮ್ಮ ಮನೆಯ ಗೇಟಿಗೆ ಬೋರ್ಡು ಹಾಕಿದೆ: 'ಮಗು ಬೆಳೆದಿದೆಯೇ? ಫ್ರಾಕು ತನ್ನಿ, ಇಳಿಸಿಕೊಡುತ್ತೇವೆ.' ನೋಡಿದವರೆಲ್ಲ ತಲೆ ಕೆಟ್ಟಿದೆ ಎಂದರು. ಆದರೆ ಸುತ್ತಲಿನ ಲೇಔಟುಗಳ ತಾಯಂದಿರು ಬಂದರು. ದೊಡ್ಡ ಮಗುವಿನ ಫ್ರಾಕು ಇಳಿಸಲು ಕೊಟ್ಟು, ಕಂಕುಳಲ್ಲಿದ್ದ ಚಿಕ್ಕದಕ್ಕೆ ಅಳತೆ ಕೊಟ್ಟು ಹೋದರು. ನಾವು ಶ್ರೀಮಂತರಾಗಲಿಲ್ಲ. ಜಯಮ್ಮ ಮಾತ್ರ ಇವತ್ತಿಗೂ ಎರಡೂ ತೋಳು ಹೊಲಿಯುತ್ತಿದ್ದಾರೆ.

ಅಮ್ಮ ನನ್ನ ರವಿಕೆಯನ್ನು ತಿರುವಿಹಾಕಿ ನೋಡಿದಳು. "ಇನ್ನೊಂದೇ ಒಲಿಗೆ ಹಾಕಾಕೆ ಜಾಗ ಐತೆ ಕಣೇ. ಇನ್ಮ್ಯಾಲೆ ಜಗಳಕ್ಕೆ ನಿಂತ್ರೆ ಉಸ್ರು ಕಮ್ಮಿ ಎಳ್ಕೊ" ಎಂದಳು.

ನಾನು ಉಸಿರು ಕಮ್ಮಿ ಮಾಡಿಕೊಳ್ಳಲಿಲ್ಲ. ಹೊಸ ರವಿಕೆಗೇ ಅಳತೆ ಕೊಟ್ಟು, ಪಕ್ಕದಲ್ಲಿ ಧಾರಾಳವಾಗಿ ಬಟ್ಟೆ ಬಿಡಲು ಹೇಳಿದ್ದೇನೆ. ನಾನಿನ್ನೂ ಬೆಳೆಯುವವಳು.