ಪಾಯಣ್ಣ ಶೆಟ್ಟಿಯ ವ್ರತ

ತಾತ್ಯಾಸಾಹೇಬರು ಹೆಸರಿನಲ್ಲಿ ಮಾತ್ರ ಸಾಹೇಬರು. ಕಚೇರಿಯಲ್ಲಿ ಅವರು ಕಾರಕೂನರು. ಬೆಳಗಾವಿಯ ಮಠ ಗಲ್ಲಿಯಲ್ಲಿದ್ದ ಸ್ವಂತ ಮನೆಯಲ್ಲಿ ಅವರು ಏನಾಗಿದ್ದರೆಂದು ಹೇಳಲು ಸರಕಾರದ ಪಟ್ಟಿಯಲ್ಲಿ ಯಾವ ಹುದ್ದೆಯೂ ಇಲ್ಲ. ಮದುವೆಯಾಗಿ ಹದಿನೆಂಟು ವರ್ಷಗಳಾಗಿದ್ದವು. ಮನೆಗೆ ಯಾವ ಅಕ್ಕಿ ತರಬೇಕು, ಬಂದ ನೆಂಟರಿಗೆ ಇನ್ನೆರಡು ದಿನ ಇರಿ ಎನ್ನಬೇಕೋ ಬೇಡವೋ, ಇಂಥ ಒಂದು ಸಂಗತಿಯಲ್ಲೂ ಅವರ ಮಾತು ನಡೆದಿರಲಿಲ್ಲ. ಒಮ್ಮೆಯಾದರೂ ನಡೆಯಲಿ ಎಂಬ ಆಸೆ ಮಾತ್ರ ಇನ್ನೂ ಜೀವ ಹಿಡಿದುಕೊಂಡಿತ್ತು.

ಆ ಆಸೆ ೧೯೨೬ನೆಯ ಇಸವಿಯ ನಾತಾಳ, ಅಂದರೆ ಕ್ರಿಸ್‌ಮಸ್ ಹಬ್ಬದ ಮರುದಿನ ಒಂದು ಕುಂಡದಲ್ಲಿ ಕುಳಿತು ಮನೆಗೆ ಬಂತು. ಕ್ಯಾಂಪಿನ ಬಿಳಿಯ ಸಾಹೇಬನೊಬ್ಬನಿಗೆ ವರ್ಗವಾಗಿ, ಅವನ ಬಂಗಲೆಯ ಮಾಲಿ ಸಾತಪ್ಪ ಕುಂಡಗಳನ್ನು ಬೇಕಾದವರಿಗೆ ಹಂಚುತ್ತಿದ್ದ. ಅದರಲ್ಲೊಂದು ಸೊಂಟದೆತ್ತರದ ಗಿಡ. ಪ್ರತಿ ಟೊಂಗೆಯ ತುದಿಯಲ್ಲೂ ಅಂಗೈಯಗಲದ ಕಡುಗೆಂಪು. ಅದನ್ನು ನೋಡಿದ್ದೇ ತಡ, ತಾತ್ಯಾಸಾಹೇಬರು ಟಾಂಗಾ ಕರೆದರು.

"ಏನ್ರಿ ಇದು?" ಬಾಗಿಲಲ್ಲೇ ತಡೆದು ಕೇಳಿದರು ಹೆಂಡತಿ ಸೋನಾಬಾಯಿ.

"ಪಾಯಿನ್‌ಸೆಟ್ಟಿಯಾ." ದಾರಿಯುದ್ದಕ್ಕೂ ಬಾಯಿಪಾಠ ಮಾಡಿದ್ದನ್ನು ತಾತ್ಯಾಸಾಹೇಬರು ಒಂದೇ ಉಸಿರಿಗೆ ಹೇಳಿ ಮುಗಿಸಿದರು.

"ಪಾಯಣ್ಣ ಶೆಟ್ಟಿ? ಯಾವೂರಾಂವ?"

"ಮನುಷ್ಯಾನ ಹೆಸರ ಅಲ್ಲಾ, ಗಿಡದ್ದು."

"ಹೆಸರ ಕೇಳಿದ್ರ ನಮ್ಮ ಜೈನ ಬಸ್ತಿ ಮಂದಿ ಪೈಕಿನ ಅನಸ್ತೈತಿ. ಇರಲಿ. ಹೂವ ಅಂತೂ ಚಂದ ಅದಾವು."

"ಅದು ಹೂವಲ್ಲ, ಎಲಿ. ಥಂಡಿ ದಿನದಾಗ ಎಲೀನ ಕೆಂಪ ಆಗತಾವು." (ಜ್ಞಾನವಿದ್ದವನು ಸುಮ್ಮನಿರಲಾರ. ಅದೇ ಅವನ ದುರ್ದೈವ.)

"ಎಲಿ ಏನು? ಹಂಗಾರ ಬಸ್ತಿಗೆ ಏರಸಾಕ ಬರಂಗಿಲ್ಲ, ಮುಡಿಯಾಕ ಬರಂಗಿಲ್ಲ. ಮುರದಲ್ಲೆ ಹಾಲ ಸುರಿಯಾಕತ್ತೈತಿ, ಕಳ್ಳಿ ಜಾತಿ, ದನಾ ಸುದ್ದಾ ಮುಟ್ಟಂಗಿಲ್ಲ. ಮತ್ತ ಎದಕ್ಕರಿ ಇದು?"

"ನೋಡಾಕ."

"ನೋಡಾಕ ಮನ್ಯಾಗ ನೀವ ಇದ್ದೀರೆಲ್ಲಾ!"

ವಾದ ಅರ್ಧ ತಾಸು ನಡೆಯಿತು. ಹಿತ್ತಿಲಲ್ಲಿ ಗಿಡಕ್ಕೆಂದು ತಾತ್ಯಾಸಾಹೇಬರು ಗುರುತಿಸಿದ್ದ ಜಾಗ ಸೋನಾಬಾಯಿ ಹಪ್ಪಳ ಒಣಗಿಸುವ ಜಾಗ. ಅದನ್ನು ಬಿಟ್ಟುಕೊಡಲು ಅವರು ಕೊನೆಗೊಂದು ಕರಾರು ಹಾಕಿದರು. ಸೋನಾಬಾಯಿ ಹೊತ್ತು ಮುಳುಗಿದ ಮೇಲೆ ಅನ್ನ ಮುಟ್ಟುವವರಲ್ಲ. ಜೈನರ ಮನೆಯಲ್ಲಿ ಅದು ಹೊಸದೇನೂ ಅಲ್ಲ. ಆದರೆ ತಾತ್ಯಾಸಾಹೇಬರು ಕಚೇರಿಯ ನೆಪ ಹೇಳಿ ಎಷ್ಟೋ ಸಂಜೆ ಹೊರಗೆ ಉಂಡು ಬರುತ್ತಿದ್ದುದು ಹೆಂಡತಿಗೆ ತಿಳಿದಿತ್ತು.

"ಶೆಟ್ಟಿ ಈ ಮನ್ಯಾಗ ಇರಬೇಕಂದ್ರ, ಮುಂದಿನ ನಾತಾಳದ ತನಕಾ ನೀವೂ ಹೊತ್ತ ಮುಣಗಿದ ಮ್ಯಾಲ ತುತ್ತ ಮುಟ್ಟಬಾರದು. ಬಸ್ತ್ಯಾಗ ನಿಂತ ವ್ರತಾ ತಗೋಬೇಕು. ಒಂದ ದಿನಾ ತಪ್ಪಿತೋ, ಶೆಟ್ಟಿನೂ ನನ್ನಾಂವ, ಹಿತ್ತಲಾನೂ ನಂದು. ಆಮ್ಯಾಲ ನಿಮ್ಮ ಮಾತ ಅಲ್ಲಿ ನಡಿಯಂಗಿಲ್ಲ."

"ಅಲ್ಲೀತನಕಾ?"

"ಅಲ್ಲೀತನಕಾ ಆ ಗಿಡದ ಸುತ್ತ ನಾಕ ಮಾರ ಜಾಗಾದಾಗ ನೀವು ಹೇಳಿದ್ದ ಕಾಯ್ದೆ."

ನಾಲ್ಕು ಮಾರು ರಾಜ್ಯ! ತಾತ್ಯಾಸಾಹೇಬರು ಮರುದಿನವೇ ಬಸ್ತಿಗೆ ಹೋಗಿ ವ್ರತ ತೆಗೆದುಕೊಂಡರು. ಅವರ ಕಣ್ಣಲ್ಲಿ ನೀರೂರಿದ್ದನ್ನು ಕಂಡು ಪಂಡಿತರು ಅದನ್ನು ಧರ್ಮಶ್ರದ್ಧೆ ಎಂದುಕೊಂಡರು.

ಸಾತಪ್ಪ ವಾರಕ್ಕೊಮ್ಮೆ ಬಂದು ಬುದ್ಧಿ ಹೇಳಿ ಹೋಗುತ್ತಿದ್ದ. ಮಾಘ ಕಳೆಯುವಷ್ಟರಲ್ಲಿ ಕೆಂಪೆಲ್ಲ ಉದುರಿ ಗಿಡ ಕಡ್ಡಿಯಾಯಿತು. "ಶೆಟ್ಟಿ ದಿವಾಳಿ ತಗದಾನ" ಎಂದು ಸೋನಾಬಾಯಿ ಓಣಿಗೆಲ್ಲ ಹೇಳಿ ಬಂದರು. ಚೈತ್ರದಲ್ಲಿ ಅದನ್ನು ಕುಂಡದಿಂದ ಒಂದು ಗೇಣು ಉಳಿಸಿ ಕತ್ತರಿಸಬೇಕಿತ್ತು. ಅಷ್ಟಮಿ ಬೇಡ, ಚತುರ್ದಶಿ ಬೇಡ, ಆ ದಿನ ಹಸಿರು ಕೊಯ್ಯಬಾರದು ಎಂದು ಸೋನಾಬಾಯಿ ಪಂಚಾಂಗ ಹಿಡಿದು ಮೂರು ಸಲ ಮುಹೂರ್ತ ಮುಂದೂಡಿದರು. ಕೊನೆಗೆ ಕತ್ತರಿಸಿದಾಗ ಗಾಯದಿಂದ ಹಾಲು ಸೋರತೊಡಗಿತು. ತಾತ್ಯಾಸಾಹೇಬರು ಒಲೆಯ ಬೂದಿ ತಂದು ಹಚ್ಚಿದರು, ಆಮೇಲೆ ಒಂದು ವಾರ ತುರಿಸುವ ಕೈಗೆ ಕೊಬ್ಬರಿ ಎಣ್ಣೆ ಹಚ್ಚಿಕೊಂಡರು. ಕತ್ತರಿಸಿದ ಟೊಂಗೆಯೊಂದನ್ನು ಸೋನಾಬಾಯಿಯ ತಮ್ಮ ಶ್ರೀಪಾಲ ಖಾನಾಪುರಕ್ಕೆ ಒಯ್ದು, ತನ್ನ ದನದ ಕೊಟ್ಟಿಗೆಯ ಹಿಂದೆ ನೆಟ್ಟು ಮರೆತುಬಿಟ್ಟ.

ಮಳೆಗಾಲ ಬಂತು. ಬೆಳಗಾವಿಯ ಮಳೆ ಹೇಳಿಕೇಳಿ ಬರುವುದಿಲ್ಲ, ಬಂದದ್ದು ಹೋಗುವುದಿಲ್ಲ. ಬೇರಿಗೆ ನೀರು ನಿಂತರೆ ಗಿಡ ಕೊಳೆಯುತ್ತದೆಂದು ಸಾತಪ್ಪ ಹೇಳಿದ್ದೇ ಹೇಳಿದ್ದು, ಮನೆಯಲ್ಲಿದ್ದ ಒಂದೇ ಛತ್ರಿ ಕುಂಡದ ಮೇಲೆ ಬಿಚ್ಚಿಕೊಂಡಿತು. ತಾತ್ಯಾಸಾಹೇಬರು ತಲೆಯ ಮೇಲೆ ಗೋಣಿತಟ್ಟಿನ ಕೊಪ್ಪೆ ಹಾಕಿಕೊಂಡು ಕಚೇರಿಗೆ ಹೋದರು. ಶ್ರಾವಣದಲ್ಲಿ ಚಿಗುರು ಚಿವುಟಿ, ಒಂದು ಟೊಂಗೆಯನ್ನು ನಾಲ್ಕು ಮಾಡಿದರು. ಗಿಡ ಹಬ್ಬಿತು. ಅವರ ಎದೆಯೂ ಎರಡು ಬೆರಳು ಉಬ್ಬಿತು.

ದಸರೆ ಮುಗಿದ ದಿನ ಸಾತಪ್ಪ ಗಿಡದ ಕಡೆಯ ಗುಟ್ಟು ಹೇಳಿದ.

"ಇನ್ನ ನೋಡ್ರಿ ಸಾಹೇಬರ, ಹೊತ್ತ ಮುಣಗಿದಾಗಿಂದ ಹೊತ್ತ ಏರೂತನಕಾ ಇದಕ್ಕ ಬೆಳಕ ತಾಕಬಾರದು. ಉದ್ದನ್ನ ಕತ್ತಲಿ ಬೇಕು. ಕಂದೀಲ ಸುದ್ದಾ ಹತ್ತರ ತರಬ್ಯಾಡ್ರಿ. ದೀಪದ ಮಾರಿ ನೋಡಿದ ಟೊಂಗಿ ಕೆಂಪ ಆಗಂಗಿಲ್ಲ."

"ಹೌದ? ಹಂಗಾರ ಶೆಟ್ಟಿನೂ ವ್ರತಾ ಹಿಡದಾನ!" ಸೋನಾಬಾಯಿಗೆ ಗಿಡದ ಮೇಲೆ ಮೊದಲ ಬಾರಿಗೆ ಗೌರವ ಮೂಡಿತು. "ನಾ ಹೇಳಲಿಲ್ಲೇನ್ರಿ, ನಮ್ಮ ಪೈಕಿನ ಅಂತ?"

ತಾತ್ಯಾಸಾಹೇಬರು ಅಂದೇ ರಾಜಾಜ್ಞೆ ಹೊರಡಿಸಿದರು. ಸಂಜೆಯಾದ ಮೇಲೆ ಹಿತ್ತಿಲಿಗೆ ಯಾರೂ ದೀಪ ತರತಕ್ಕದ್ದಲ್ಲ. ಆಶ್ಚರ್ಯವೆಂದರೆ ಸೋನಾಬಾಯಿ ಅದನ್ನು ಪಾಲಿಸಿದರು. ಕತ್ತಲಲ್ಲಿ ಕೊಡ ತರಲು ಹೋಗಿ ಮೂರು ಸಲ ಎಡವಿದರು, ಒಮ್ಮೆ ಬಿದ್ದು ಮೊಣಕಾಲು ಕೆತ್ತಿಕೊಂಡರು. ಆದರೂ ದೀಪ ಹಚ್ಚಲಿಲ್ಲ. ಕರಾರೆಂದರೆ ಕರಾರು. ಹದಿನೆಂಟು ವರ್ಷಗಳಲ್ಲಿ ಮೊದಲ ಸಲ ತಮ್ಮ ಮಾತಿಗೆ ಬೆಲೆ ಬಂದದ್ದನ್ನು ಕಂಡು ತಾತ್ಯಾಸಾಹೇಬರಿಗೆ ಖರೇ ಸಂತೋಷವಾಯಿತು.

ಆದರೆ ಹಗಲು ಗಿಡ್ಡವಾಗುತ್ತ ಬಂದಂತೆ ಶೆಟ್ಟಿಗೆ ಅನುಕೂಲ, ತಾತ್ಯಾಸಾಹೇಬರಿಗೆ ಗಂಡಾಂತರ. ಬೇಸಿಗೆಯಲ್ಲಿ ಕಚೇರಿ ಬಿಟ್ಟು ಮನೆಗೆ ಬಂದು ಉಂಡು ತೇಗಿದರೂ ಸೂರ್ಯ ಇನ್ನೂ ಇರುತ್ತಿದ್ದ. ಈಗ ಕಚೇರಿಯ ಹೊಸ ಸಾಹೇಬ ಆರರವರೆಗೆ ಕೂಡಿಸಿಕೊಳ್ಳುತ್ತಿದ್ದ. ಓಡೋಡಿ ಮನೆಗೆ ಬರುವಷ್ಟರಲ್ಲಿ ಸೂರ್ಯನೂ ಇಲ್ಲ, ಒಲೆಯಲ್ಲಿ ಬೆಂಕಿಯೂ ಇಲ್ಲ. ಸೋನಾಬಾಯಿ ಪಾತ್ರೆ ತೊಳೆದು ಬೋರಲು ಹಾಕಿ ಜಪಕ್ಕೆ ಕೂತಿರುತ್ತಿದ್ದರು. ಒಂದು ಸಂಜೆ, ಎರಡು ಸಂಜೆ ತಡೆದರು. ಮೂರನೆಯ ಸಂಜೆ ಗಲ್ಲಿಯ ತಿರುವಿನಲ್ಲಿ ಭಜಿ ಅಂಗಡಿಯ ಈರಣ್ಣನ ಬಾಣಲೆಯಿಂದ ಉಳ್ಳಾಗಡ್ಡಿ ಭಜಿಯ ವಾಸನೆ ಬಂತು. ಕಾಲು ತಾನಾಗಿಯೇ ನಿಂತಿತು, ಕೈ ತಾನಾಗಿಯೇ ಚಾಚಿತು. (ತಾತ್ಯಾಸಾಹೇಬರ ಪ್ರಕಾರ ಇದರಲ್ಲಿ ತಾತ್ಯಾಸಾಹೇಬರ ಕೈವಾಡವೇನೂ ಇರಲಿಲ್ಲ.)

ಕೋಟಿನೊಳಗೆ ಬಿಸಿ ಪೊಟ್ಟಣವೇನೋ ಬಂತು, ತಿನ್ನುವುದೆಲ್ಲಿ? ಮುಂದಿನ ಕಟ್ಟೆಯಲ್ಲಿ ಓಣಿಯ ಜೈನರೆಲ್ಲ ಕೂತಿರುತ್ತಾರೆ. ಒಳಗೆ ಸೋನಾಬಾಯಿ. ಉಳಿದದ್ದು ಒಂದೇ ಜಾಗ. ರಾಜಾಜ್ಞೆಯ ಪ್ರಕಾರ ಯಾರೂ ದೀಪ ತರಲಾರದ, ಆದ್ದರಿಂದ ಯಾರ ಕಣ್ಣಿಗೂ ಬೀಳದ ಹಿತ್ತಿಲು!

ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತು ಪೊಟ್ಟಣ ಬಿಚ್ಚಿದರು. ಬಾಯಿಗೆ ಒಯ್ದ ಕೈ ಅರ್ಧದಲ್ಲಿ ನಿಂತಿತು. ಕತ್ತಲಲ್ಲಿ ತುತ್ತಿನೊಂದಿಗೆ ಹುಳ ಹುಪ್ಪಡಿ ಒಳಗೆ ಹೋದರೆ? ಜೀವಹಿಂಸೆ! ವ್ರತ ಮುರಿಯುವುದು ಬೇರೆ, ಅಷ್ಟು ದೊಡ್ಡ ಪಾಪ ಮಾಡುವುದು ಬೇರೆ. ತಾತ್ಯಾಸಾಹೇಬರು ಧರ್ಮಭೀರುಗಳು. ಬಚ್ಚಲಿನಿಂದ ಪುಟ್ಟ ಚಿಮಣಿ ದೀಪ ತಂದು ಹಚ್ಚಿ, ಕಲ್ಲಿನ ಮೇಲಿಟ್ಟು, ಪ್ರತಿ ಭಜಿಯನ್ನೂ ತಿರುಗಿಸಿ ನೋಡಿ, ಜೀವಜಂತು ಇಲ್ಲವೆಂದು ಖಾತ್ರಿ ಮಾಡಿಕೊಂಡು ತಿಂದರು. ಕಾಲು ತಾಸು ಹಿಡಿಯಿತು. ಇಷ್ಟು ಸಣ್ಣ ದೀಪ ಗಿಡಕ್ಕೆಲ್ಲಿ ತಿಳಿಯಬೇಕು ಎಂದು ಸಮಾಧಾನ ಮಾಡಿಕೊಂಡರು. ಮರುದಿನ ಆ ಸಮಾಧಾನವೂ ಬೇಕಾಗಲಿಲ್ಲ. ಲವಂಗ ಜಗಿದು ಒಳಗೆ ಹೋಗುವುದು ನಿತ್ಯವಿಧಿಯಾಯಿತು.

ನಾತಾಳಕ್ಕೆ ಒಂದು ವಾರವಿರುವಾಗ ಶ್ರೀಪಾಲ ಖಾನಾಪುರದಿಂದ ರೈಲಿಗೆ ಬಂದ. ಕೈಯಲ್ಲಿ ಅವನ ಕೊಟ್ಟಿಗೆಯ ಹಿಂದಿನ ಗಿಡದ್ದೊಂದು ಟೊಂಗೆ, ರಕ್ತದಂತೆ ಕೆಂಪು. ದಸರೆಯಿಂದ ಈ ಕಡೆ ತಲೆಹಾಕದಿದ್ದ ಸಾತಪ್ಪನೂ ಅದೇ ಹೊತ್ತಿಗೆ ಬಂದ. ಆದಿತ್ಯವಾರವಾದ್ದರಿಂದ ತಾತ್ಯಾಸಾಹೇಬರು ತಪ್ಪಿಸಿಕೊಳ್ಳಲು ಕಚೇರಿ ಇರಲಿಲ್ಲ. ಎಲ್ಲರೂ ಹಿತ್ತಿಲಿಗೆ ಹೋದರು.

ಗೋಡೆಯ ಕಡೆಯ ಅರ್ಧ ಗಿಡ ನಿಗಿನಿಗಿ ಕೆಂಪು. ಈಚೆಯ ಅರ್ಧ ಅಪ್ಪಟ ಹಸಿರು. ನಡುವೆ ಗೆರೆ ಕೊರೆದಂತಿತ್ತು.

"ಈ ಬಾಜು ಯಾಕೋ ಸಾತಪ್ಪಾ?" ಸೋನಾಬಾಯಿ ಕೇಳಿದರು.

"ಈ ಬಾಜು ದೀಪಾ ನೋಡೈತ್ರಿ ಅವ್ವಾರ. ದಿನಾ."

"ಬೆಳದಿಂಗಳ ಇದ್ದೀತು," ಎಂದರು ತಾತ್ಯಾಸಾಹೇಬರು.

"ಚಂದಪ್ಪ ಒಂದ ಬಾಜೂಕ ಅಷ್ಟ ಬೀಳತಾನೇನ್ರಿ ಸಾಹೇಬರ?" ಸಾತಪ್ಪ ಹಸಿರು ಟೊಂಗೆಗಳ ಎದುರಿಗೆ ಬಗ್ಗಿ, ಅವು ನೋಡುತ್ತಿದ್ದ ದಿಕ್ಕಿಗೇ ಹೆಜ್ಜೆ ಹಾಕಿದ. ಹೆಜ್ಜೆಗಳು ಒಗೆಯುವ ಕಲ್ಲಿನ ಹತ್ತಿರ ನಿಂತವು. "ಇಲ್ಲಿ ನೋಡ್ರಿ, ಚಿಮಣಿ ಮಸಿ. ಎಣ್ಣಿ ಕಲೀನೂ ಐತಿ, ಭಜಿ ಚೂರೂ ಬಿದ್ದಾವು. ಯಾರೋ ದಸರಾದಿಂದ ಇಲ್ಲೆ ಕುಂತ ಭಜಿ ತಿಂದಾರ್ರಿ."

ಶ್ರೀಪಾಲ ಆಕಾಶ ನೋಡಿದ. ಸೋನಾಬಾಯಿ ಗಂಡನನ್ನು ನೋಡಿದರು. ಬೈಯುತ್ತಾರೆಂದು ತಾತ್ಯಾಸಾಹೇಬರು ಕಾದರು. ಬೈದಿದ್ದರೆ ಉತ್ತರ ಕೊಡಬಹುದಿತ್ತು.

"ನಾ ಇಲ್ಲೆ ಕತ್ತಲದಾಗ ಬಿದ್ದ ಮೊಣಕಾಲ ಒಡಕೊಂಡೇನಿ," ಎಂದರು ಸೋನಾಬಾಯಿ ಮೆಲ್ಲಗೆ. "ನಿಮ್ಮ ಮಾತ ಉಳಿಲಿ ಅಂತ."

ತಾತ್ಯಾಸಾಹೇಬರಿಗೆ ನಿಜವಾಗಿಯೂ ನಾಚಿಕೆಯಾಯಿತು. ಆಗ ಶ್ರೀಪಾಲ ಬಾಯಿ ಹಾಕಿದ.

"ಅಲ್ರಿ ಮಾವಾರ, ಕತ್ತಲದಾಗ ತಿಂದಿದ್ರ ಗಿಡಾನೂ ಕೆಂಪ ಆಗತಿತ್ತು, ಅಕ್ಕಗೂ ಗೊತ್ತ ಆಗತಿರಲಿಲ್ಲ. ದೀಪಾ ಯಾಕ ಹಚ್ಚಿದ್ರಿ?"

"ಹುಳಾ ಬಿದ್ದೀತಂತ... ಜೀವಹಿಂಸಾ ಆಗಬಾರದಲ್ಲಪಾ..."

ಸಾತಪ್ಪ ರುಮಾಲಿನ ತುದಿ ಬಾಯಿಗೆ ತುರುಕಿಕೊಂಡ. ಸೋನಾಬಾಯಿ ನಗಲಿಲ್ಲ. ಹಿತ್ತಿಲೂ ಶೆಟ್ಟಿಯೂ ಆ ಕ್ಷಣದಿಂದ ಅವರ ಪಾಲಾಗಿದ್ದವು. ಗಿಡವನ್ನು ಕಿತ್ತು ಬಿಸಾಡುತ್ತಾರೆಂದು ಎಲ್ಲರೂ ಅಂದುಕೊಂಡಿದ್ದರೆ, ಅವರು ಅದರ ಹಸಿರೆಲೆಯೊಂದನ್ನು ಪ್ರೀತಿಯಿಂದ ಒರೆಸಿದರು.

"ಶೆಟ್ಟಿ ಖರೇ ಹೇಳೂ ಮನುಷ್ಯಾ. ಇರಲಿ. ಸಾತಪ್ಪಾ, ಚೈತ್ರದಾಗ ಇದರ ಟೊಂಗಿ ಇನ್ನೂ ಮೂರು ಕುಂಡದಾಗ ಹಚ್ಚಿಕೊಡು. ಒಂದು ಮುಂದಿನ ಕಟ್ಟಿಗೆ, ಒಂದು ಬಾವಿ ಬಾಜೂಕ, ಒಂದು ಮಾಳಗಿ ಮ್ಯಾಲ."

"ಅಷ್ಟ ಯಾಕ್ರಿ ಅವ್ವಾರ?"

"ದೀಪಾ ಹಚ್ಚಿಕೊಂಡ ಕುಂದರೂ ಜಾಗಾ ಈ ಮನ್ಯಾಗ ಅಷ್ಟ ಅದಾವು. ಮತ್ತ ಇವರ ವ್ರತಾ ಇವತ್ತಿಂದ ಹೊಸದಾಗಿ ಸುರು. ಪೂರಾ ಒಂದ ವರ್ಷ."

ಚೈತ್ರದಲ್ಲಿ ಕುಂಡಗಳಿಗೆ ಮಣ್ಣು ತುಂಬಿದವರೂ, ಗಾಯಗಳಿಗೆ ಬೂದಿ ಹಚ್ಚಿದವರೂ, ಒಂದು ವಾರ ಕೈ ತುರಿಸಿಕೊಂಡವರೂ ತಾತ್ಯಾಸಾಹೇಬರೇ. ಮುಂದಿನ ನಾತಾಳಕ್ಕೆ ನಾಲ್ಕೂ ಗಿಡಗಳು ಒಂದು ಟೊಂಗೆ ಬಿಡದೆ ಕೆಂಪಾದವು. ಮಠ ಗಲ್ಲಿಯ ಹೆಂಗಸರೆಲ್ಲ ನೋಡಲು ಬಂದರು. ತಾತ್ಯಾಸಾಹೇಬರು ಸಡಿಲವಾದ ಕೋಟಿನೊಳಗೆ ಒಂದು ಮೂಲೆಯಲ್ಲಿ ನಿಂತಿದ್ದರು.

"ಇಷ್ಟ ಚಂದ ಬರಾಕ ಗೊಬ್ಬರಾ ಏನ ಹಾಕತೀರಿ ಸೋನಕ್ಕಾ?" ಎಂದು ಬಾಜೂ ಮನೆಯಾಕೆ ಕೇಳಿದಳು.

"ಏನಿಲ್ಲವಾ," ಎಂದರು ಸೋನಾಬಾಯಿ, ಗಂಡನ ಕಡೆಗೆ ಕೈ ತೋರಿಸಿ. "ಇವರ ಉಪಾಸ."