ಕಿವಿ ಮೇಸ್ತ್ರಿ ಹಿಡಿದ ಹಲ್ಲು

ಗ್ಯಾರೇಜಿನ ಬಾಗಿಲಿಗೆ ಅಂದು ಬೆಳಿಗ್ಗೆ ಹೊಸ ಬೋರ್ಡು ಏರಿತ್ತು: 'ನೋಡಿ ಹೇಳುವುದಕ್ಕೂ ಫೀಸು ಕೊಡತಕ್ಕದ್ದು.' ಆ ದಿನದ ರಗಳೆಗೆಲ್ಲ ಅದೇ ಮೂಲ.

ಗ್ಯಾರೇಜಿನ ಮೆಕ್ಯಾನಿಕ್ ಅದನ್ನು ಹಾಕಿಸಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಬಾನೆಟ್ ಎತ್ತದೆ, ಬರೀ ಸದ್ದು ಕೇಳಿ ಇಂಜಿನ್ನಿನ ಜಾತಕ ಹೇಳುವ ಆತನನ್ನು ಬೀದಿಯವರೆಲ್ಲ 'ಕಿವಿ ಮೇಸ್ತ್ರಿ' ಎಂದೇ ಕರೆಯುತ್ತಿದ್ದರು. ಆದರೆ ಹೊಗಳಿಕೆಯಲ್ಲಿ ಗ್ಯಾರೇಜಿನ ಬಾಡಿಗೆ ಕಟ್ಟಲಾಗುತ್ತದೆಯೇ? ಜನ ಬಂದು "ಸುಮ್ನೆ ಒಂದ್ಸಲ ನೋಡಿ ಮೇಸ್ತ್ರಿ" ಎನ್ನುತ್ತಿದ್ದರು. ಮೇಸ್ತ್ರಿ ಗಾಡಿಯಡಿ ತೂರಿ, ಮೈಯೆಲ್ಲ ಮಸಿ ಮಾಡಿಕೊಂಡು ರೋಗ ಪತ್ತೆ ಹಚ್ಚಿದ ಮೇಲೆ, "ನಮ್ಮ ಭಾವಮೈದುನನಿಗೆ ಗೊತ್ತಿರೋನೊಬ್ಬ ಇದಾನೆ, ಕಮ್ಮಿಗೆ ಮಾಡ್ಕೊಡ್ತಾನೆ" ಎಂದು ಹೊರಟೇಬಿಡುತ್ತಿದ್ದರು. "ನಿಮ್ಮ ತಲೆ ಪುಕ್ಕಟೆ, ಸ್ಪ್ಯಾನರಿಗೆ ಮಾತ್ರ ಬೆಲೆ" ಎಂದು ಹೆಂಡತಿ ಹಂಗಿಸಿದ ಮೇಲೆ ಬೋರ್ಡು ಬಂದಿತ್ತು.

ಮೊದಲ ಗಿರಾಕಿ ಪಕ್ಕದ ಬೀದಿಯ ಹಲ್ಲಿನ ಡಾಕ್ಟರಮ್ಮ. ಆಕೆ ಬಂದದ್ದು ಆಯಿಲ್ ಬದಲಾಯಿಸಲು. ಮೇಸ್ತ್ರಿ ಗಾಡಿಯನ್ನು ಒಂದು ಸುತ್ತು ಓಡಿಸಿ, ಕಿವಿ ನಿಮಿರಿಸಿಕೊಂಡೇ ಇಳಿದ.

"ಒಂದು ಸದ್ದಿದೆ ಡಾಕ್ಟ್ರೇ."

"ನನಗೇನೂ ಕೇಳಿಸಿಲ್ವಲ್ಲ?"

"ನಿಮಗೆ ಕೇಳಿಸೋ ಹಾಗಿದ್ರೆ ನಾನ್ಯಾಕೆ ಬೇಕಿತ್ತು? ಗುಂಡಿ ಬಂದಾಗಲೆಲ್ಲ ಟಕ್ ಅನ್ನುತ್ತೆ. ಈ ವಾರ ಬಂದ ಗಾಡಿಗಳಿಗೆಲ್ಲ ಇದೇ ಕಾಯಿಲೆ."

ಡಾಕ್ಟರಮ್ಮ ಬೋರ್ಡನ್ನೊಮ್ಮೆ, ಅವನನ್ನೊಮ್ಮೆ ನೋಡಿದರು. "ಹುಡುಕಿ. ಸಿಕ್ಕರೆ ಫೀಸು ಕೊಡ್ತೀನಿ. ಸಿಗದಿದ್ರೆ?"

"ಸಿಗದಿದ್ರೆ ಈ ಬೋರ್ಡು ಇಳಿಸಿ ನಿಮ್ಮ ಕೈಗೇ ಕೊಡ್ತೀನಿ" ಎಂದ ಮೇಸ್ತ್ರಿ. ಎದುರಿನ ಟೈಲರೂ ಪಕ್ಕದ ಟೀ ಅಂಗಡಿಯವನೂ ಕೇಳಲಿ ಎಂದು ತುಸು ಗಟ್ಟಿಯಾಗಿಯೇ ಹೇಳಿದ. ಅವರು ಕೇಳಿದ್ದಷ್ಟೇ ಅಲ್ಲ, ಕೆಲಸ ಬಿಟ್ಟು ಬಂದು ಹಿಂದಿನ ಸೀಟಿನಲ್ಲಿ ಕೂತೇಬಿಟ್ಟರು.

ಸಂಜೆ ಬರುತ್ತೇನೆಂದು ಡಾಕ್ಟರಮ್ಮ ಗಾಡಿ ಬಿಟ್ಟು ಕ್ಲಿನಿಕ್ಕಿಗೆ ನಡೆದರು. ಗಾಡಿ ಹೊರಟಿತು. ಗುಂಡಿ ಬಂತು. ಟಕ್.

"ಎಲ್ಲೋ ಹೊಲಿಗೆ ಬಿಟ್ಟಿದೆ, ಸೀಟು ಬಿಚ್ಚಿ" ಎಂದ ಟೈಲರ್.

"ಡಿಕ್ಕಿಯಲ್ಲಿ ಏನೋ ಉರುಳ್ತಿದೆ" ಎಂದ ಟೀ ಅಂಗಡಿಯವನು.

ಸೀಟು ಬಿಚ್ಚಿದ್ದಾಯಿತು, ಒಂದು ಬಾಚಣಿಗೆ ಸಿಕ್ಕಿತು. ಡಿಕ್ಕಿ ಖಾಲಿ ಮಾಡಿದ್ದಾಯಿತು. ಚಕ್ರ ಕಳಚಿ ಹಾಕಿದ್ದಾಯಿತು. ಟಕ್ ಮಾತ್ರ ಹೋಗಲಿಲ್ಲ. ಕೊನೆಗೆ ಟೈಲರನ ಕೈಗೆ ಸ್ಟೀರಿಂಗ್ ಕೊಟ್ಟು, ಮೇಸ್ತ್ರಿ ಮೈಯೆಲ್ಲ ಕಿವಿಯಾಗಿ ಗಾಡಿಯ ಪಕ್ಕ ಓಡಿದ. ಗುಂಡಿ ಬಂತು, ಹೋಯಿತು. ಸದ್ದೇ ಇಲ್ಲ. ಬೇರೆಯವನಾಗಿದ್ದರೆ ಅಲ್ಲೇ ಅನುಮಾನ ಬರುತ್ತಿತ್ತು. ಮೇಸ್ತ್ರಿಗೆ ಏದುಸಿರಿನ ನಡುವೆಯೂ ಹೆಮ್ಮೆಯಾಯಿತು.

"ಗಾಡಿಗೂ ಗೊತ್ತಾಗುತ್ತೆ ಕಣಯ್ಯಾ, ಕೂತಿರೋನು ಯಾರು ಅಂತ. ರೋಗಿ ವೈದ್ಯನ ಹತ್ರ ತಾನೇ ನರಳೋದು?"

ಮಧ್ಯಾಹ್ನ ಟೀ ಅಂಗಡಿಯವನು ಟೀ, ಬ್ರೆಡ್ ತಂದಿಟ್ಟ. "ಅದ್ಯಾಕೆ ಮೇಸ್ತ್ರಿ, ಒಂದು ವಾರದಿಂದ ಬ್ರೆಡ್ಡನ್ನೂ ಅದ್ದಿ ಅದ್ದಿ ತಿಂತೀರಿ?"

"ಅಗಿದ್ರೆ ಕಿವಿಗೆ ಅಡ್ಡಿ" ಎಂದು ಮೇಸ್ತ್ರಿ ಮಾತು ತೇಲಿಸಿದ.

ಸಂಜೆ ಡಾಕ್ಟರಮ್ಮ ಬರುವ ಹೊತ್ತಿಗೆ ಉಳಿದದ್ದು ಒಂದೇ ಒಂದು ಸಾಧ್ಯತೆ. ಬೋರ್ಡು ಉಳಿಯುವುದೂ ಅದರ ಮೇಲೇ ನಿಂತಿತ್ತು. "ಹಲ್ಲು, ಡಾಕ್ಟ್ರೇ. ಗೇರಿನ ಹಲ್ಲು ಸಡಿಲ ಆಗಿ ಬಡೀತಿದೆ. ಬನ್ನಿ, ನೀವೇ ಕೇಳಿ."

ಡಾಕ್ಟರಮ್ಮ ಮುಂದೆ ಕೂತರು. ಸೀಟಿಲ್ಲದ ಹಿಂಭಾಗದಲ್ಲಿ ಟೈಲರೂ ಟೀ ಅಂಗಡಿಯವನೂ ಮಂಡಿ ತಬ್ಬಿಕೊಂಡು ಕುಕ್ಕರಿಸಿದರು. ಮೇಸ್ತ್ರಿ ಬೇಕೆಂದೇ ದೊಡ್ಡ ಗುಂಡಿಗೆ ಇಳಿಸಿದ. ಟಕ್, ಟಕ್. ಡಾಕ್ಟರಮ್ಮ ಕತ್ತು ವಾಲಿಸಿ ಕೇಳಿದರು.

"ನಿಲ್ಲಿಸಿ. ಹಲ್ಲೇ, ಸಂಶಯವೇ ಇಲ್ಲ."

ಮೇಸ್ತ್ರಿಯ ಎದೆ ಉಬ್ಬಿತು. ಹಿಂದಿನವರ ಕಡೆ ತಿರುಗಿ, "ಕೇಳಿಸ್ಕೊಂಡ್ರಾ?" ಎಂದ.

"ಈಗ ಬಾಯಿ ತೆಗೀರಿ" ಎಂದರು ಡಾಕ್ಟರಮ್ಮ.

ಡಾಕ್ಟರು ಹೇಳಿದರೆ ಬಾಯಿ ತಾನಾಗಿಯೇ ತೆರೆಯುತ್ತದೆ. ತೆರೆದದ್ದೇ ತಡ, ಮೇಲಿನ ಹೊಸ ಕಟ್ಟುಹಲ್ಲು ಇಡಿಯಾಗಿ ಜಾರಿ ಕೆಳಗಿನ ಹಲ್ಲಿನ ಮೇಲೆ ಕೂತಿತು. ಟಕ್.

ಹಿಂದೆ ಕುಕ್ಕರಿಸಿದ್ದವರು ಉಸಿರು ಬಿಗಿಹಿಡಿದು ನಗು ನುಂಗಿದರು.

"ಹೋದ ತಿಂಗಳು 'ಸುಮ್ನೆ ಒಂದ್ಸಲ ನೋಡಿ ಡಾಕ್ಟ್ರೇ' ಅಂತ ಬಂದಿದ್ರಿ. ಎಲ್ಲಾ ನೋಡಿ ಹೇಳಿದೆ. ಆಮೇಲೆ ಆ ಕಡೆ ತಲೆ ಹಾಕಲಿಲ್ಲ. ಇದನ್ನ ಎಲ್ಲಿ ಹಾಕಿಸ್ಕೊಂಡ್ರಿ?"

ಮೇಸ್ತ್ರಿ ಸ್ಟೀರಿಂಗ್ ಒರೆಸಿದ. "ಭಾವಮೈದುನನಿಗೆ ಗೊತ್ತಿರೋನೊಬ್ಬ..." ಎಂದು ಶುರುಮಾಡಿದವನು, ಮುಂದಿನದನ್ನು ನುಂಗಿಕೊಂಡ. ಆದರೂ ಹೆಮ್ಮೆ ಸುಮ್ಮನಿರಬೇಕಲ್ಲ. "ಹಲ್ಲು ಅಂತ ಹೇಳಿದ್ದು ನಾನೇ ತಾನೇ?"

"ಹೇಳಿದ್ದು ನೀವು, ಸಿಕ್ಕಿದ್ದು ನನಗೆ. ಬೋರ್ಡು ಕೊಡಿ."

ಮಾರನೆಯ ದಿನ ಬೋರ್ಡು ಡಾಕ್ಟರಮ್ಮನ ಕ್ಲಿನಿಕ್ಕಿನ ಗೋಡೆಯ ಮೇಲಿತ್ತು. ಮೊಳೆ ಹೊಡೆದವನೂ ಮೇಸ್ತ್ರಿಯೇ, ಅದರ ಕೆಳಗಿನ ಬೆಂಚಿನಲ್ಲಿ ಮೊದಲು ಕೂತ ರೋಗಿಯೂ ಅವನೇ. ತಲೆಯ ಮೇಲೆ ಫ್ಯಾನು ತಿರುಗುತ್ತಿತ್ತು. ಅವನ ಕಿವಿ ನಿಮಿರಿತು.

"ಡಾಕ್ಟ್ರೇ, ಫ್ಯಾನಿನ ಬೇರಿಂಗ್ ಹೋಗಿದೆ" ಎಂದು ಕೂತಲ್ಲಿಂದಲೇ, ಬಾಯಿಗೆ ಕೈ ಅಡ್ಡ ಹಿಡಿದು, ರಾಜಗಾಂಭೀರ್ಯದಿಂದ ಹೇಳಿದ.

"ಹೌದಾ? ಹೇಳಿದ್ದು ಒಳ್ಳೇದಾಯ್ತು" ಎಂದರು ಡಾಕ್ಟರಮ್ಮ ಒಳಗಿನಿಂದ. "ನಮ್ಮ ಮೈದುನನಿಗೆ ಗೊತ್ತಿರೋನೊಬ್ಬ ಇದಾನೆ, ಕಮ್ಮಿಗೆ ಮಾಡ್ಕೊಡ್ತಾನೆ."