ಹೊಸಪೇಟೆಗೆ ಕೊರಿಯರಿನಲ್ಲಿ ಬಂದ ಕಲ್ಲು

ನಮ್ಮದು ಪಂಪ್‌ಸೆಟ್ಟಿನ ಬಿಡಿಭಾಗಗಳ ಅಂಗಡಿ. ಫುಟ್‌ವಾಲ್ವ್, ಬುಶ್, ವಾಷರ್, ಎಲ್ಬೋ, ಏನು ಬೇಕಾದರೂ ಕೇಳಿ. ತಯಾರಿಸಿದ ಕಂಪನಿಯೇ ಬಾಗಿಲು ಹಾಕಿಕೊಂಡು ಹೋದ ಮೋಟರಿಗೂ ನನ್ನ ಹತ್ತಿರ ಸಾಮಾನು ಇರುತ್ತದೆ. ಮರಿಯಮ್ಮನಹಳ್ಳಿ ಕಡೆಯ ರೈತರು ಮುರಿದ ತುಂಡನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು ಬರುತ್ತಾರೆ. ನಾನು ಅದನ್ನು ತಿರುಗಿಸಿ ನೋಡಿ, ಏಣಿ ಹತ್ತಿ, ಅದರ ಅಣ್ಣನನ್ನೋ ತಮ್ಮನನ್ನೋ ಇಳಿಸಿ ಕೊಡುತ್ತೇನೆ. ‘ಇಲ್ಲ’ ಎಂಬ ಮಾತು ನನ್ನ ಬಾಯಿಂದ ಗಿರಾಕಿಯ ಕಿವಿಗೆ ಬಿದ್ದದ್ದೇ ಇಲ್ಲ. ಸಾರ್ವಜನಿಕರಿಗೆ ಇದನ್ನು ಮೊದಲೇ ತಿಳಿಯಪಡಿಸುತ್ತಿದ್ದೇನೆ, ಯಾಕೆಂದರೆ ಮುಂದಿನ ಅನಾಹುತಕ್ಕೆಲ್ಲ ಈ ಜಂಬವೇ ಕಾರಣ.

ನಮ್ಮ ಅತ್ತೆ ಶರಣಮ್ಮನವರು ಕಂಪ್ಲಿಯವರು, ಅಕ್ಕಿ ಗಿರಣಿಯ ಮನೆತನ. ಹೊಳೆಯ ದಂಡೆಯಲ್ಲೇ ಹುಟ್ಟಿ ಬೆಳೆದರೂ ಸಮುದ್ರ ನೋಡಿದವರಲ್ಲ. ಈ ಸಲ ಓಣಿಯ ಹೆಂಗಸರೆಲ್ಲ ಗೋಕರ್ಣಕ್ಕೆ ಹೊರಟಾಗ ಅವರೂ ಹೆಸರು ಕೊಟ್ಟರು. ಹೊಸ ಸೀರೆಗೆ ಫಾಲ್ ಹಚ್ಚಿಸಿದರು, ದಾರಿಗೆಂದು ಕಡಕ್ ರೊಟ್ಟಿ ಬಡಿದಿಟ್ಟರು. ಅಷ್ಟರಲ್ಲಿ ಮೊಣಕಾಲು ಹಟ ಹಿಡಿಯಿತು, ಆಪರೇಷನ್ ಆಯಿತು. ರೊಟ್ಟಿ ಗೋಕರ್ಣಕ್ಕೆ ಹೋಯಿತು, ಅತ್ತೆ ಆರೈಕೆಗೆಂದು ಹೊಸಪೇಟೆಗೆ, ನಮ್ಮ ಮನೆಗೆ ಬಂದರು. ಇನ್ನು ದೂರ ಪ್ರಯಾಣದ ಮಾತೇ ಬೇಡ ಎಂದು ಡಾಕ್ಟರು ಹೇಳಿದ ದಿನ, ಎಂದೂ ಯಾವುದಕ್ಕೂ ಬೇಸರ ತೋರಿಸದ ಆ ಹೆಂಗಸು ಗೋಡೆಯ ಕಡೆ ಮುಖ ಮಾಡಿ ಮಲಗಿಬಿಟ್ಟರು. ನಾನು ಮಂಚದ ಹತ್ತಿರ ಹೋಗಿ ನಿಂತೆ.

“ಅತ್ತಿಯವ್ರ, ಚಿಂತಿ ಬಿಡ್ರಿ. ನೀವು ಸಮುದ್ರಕ್ಕ ಹೋಗಾಕ ಆಗದಿದ್ರ ಏನಾತು? ಸಮುದ್ರನ ಇಲ್ಲಿಗೆ ತರಿಸ್ತೀನಿ” ಅಂದೆ.

ಅತ್ತೆ ಈ ಕಡೆ ತಿರುಗಿದರು. ಅವರ ಕಣ್ಣಲ್ಲಿ ನಂಬಿಕೆ ಇತ್ತು. ಬಾಗಿಲಲ್ಲಿ ನಿಂತಿದ್ದ ನನ್ನ ಹೆಂಡತಿ ಗಿರಿಜಾಳ ಕಣ್ಣಲ್ಲಿ ಮಾತ್ರ, ಹಿಂದೊಮ್ಮೆ ನಾನು ಮಿಕ್ಸಿ ರಿಪೇರಿಗೆ ಕೂತಾಗ ಏನಿತ್ತೋ ಅದೇ ಇತ್ತು.

ನಾನು ಸುಮ್ಮನೆ ಬಾಯಿಗೆ ಬಂದದ್ದು ಹೇಳಿರಲಿಲ್ಲ. ಮನೆಯೊಳಗಿನ ಸಮುದ್ರಗಳನ್ನು ಮೊಬೈಲಿನಲ್ಲಿ ನೋಡಿದ್ದೆ. ಗಾಜಿನ ಪೆಟ್ಟಿಗೆಯೊಳಗೆ ಉಪ್ಪುನೀರು, ನೀರಿನೊಳಗೆ ತೂತು ತೂತು ಕಲ್ಲು, ಕಲ್ಲಿನ ಮೇಲೆ ಹೂವಿನ ಹಾಗೆ ಅರಳಿ ತೂಗಾಡುವ ಜೀವಗಳು, ನಡುವೆ ಕಿತ್ತಳೆ ಬಣ್ಣದ ಮೀನು. ನೋಡುತ್ತ ಕೂತರೆ ಎದುರಿನ ಚಹಾ ಆರಿ ತಣ್ಣಗಾಗುತ್ತಿತ್ತು. ಇಷ್ಟೊಂದು ಬಣ್ಣವನ್ನು ದೇವರು ಯಾರೂ ನೋಡದ ನೀರಿನಡಿಯಲ್ಲಿ ಯಾತಕ್ಕೆ ಇಟ್ಟನೋ ಎಂದು ನನಗೆ ಪರಮಾಶ್ಚರ್ಯ. ಇಂಥದನ್ನು ತಾವೇ ಕೈಯಾರೆ ಕಟ್ಟುವವರೂ ಇದ್ದಾರೆ. ಬೇಕಾದದ್ದಾದರೂ ಏನು? ಗಾಜು, ಪೈಪು, ಪಂಪು, ಉಪ್ಪು, ಕಲ್ಲು. ಪೈಪು, ಪಂಪು ನನ್ನ ಅಂಗಡಿಯವೇ. ಅಂಗಡಿಗಳಿಗೆ ಶೋಕೇಸು ಮಾಡಿಕೊಡುವವನು ಗಾಜಿನ ಪೆಟ್ಟಿಗೆಯನ್ನು ನೀಟಾಗಿ ಅಂಟಿಸಿ ಕೊಟ್ಟ. ಉಳಿದದ್ದು ಉಪ್ಪು ಮತ್ತು ಕಲ್ಲು. ಇವೆರಡು ಸಿಗದ ಊರು ಭೂಮಿಯ ಮೇಲೆ ಇದೆಯೇ?

ದಿನಸಿ ಅಂಗಡಿಯಲ್ಲಿ ಒಂದು ಚೀಲ ಹರಳುಪ್ಪು ತೂಗಿಸಿದೆ. ಉಪ್ಪಿನಕಾಯಿ ಹಾಕಲಿಕ್ಕೋ ಎಂದು ಕೇಳಿದರು. ಸಮುದ್ರ ಮಾಡಲಿಕ್ಕೆ ಎಂದೆ. ಅವರು ತೂಗುವುದನ್ನು ನಿಲ್ಲಿಸಿ, ಮನೆಯಲ್ಲಿ ಎಲ್ಲರೂ ಆರಾಮವೋ ಎಂದು ವಿಚಾರಿಸಿದರು.

ನೀರಿಗೆ ಉಪ್ಪು ಸುರಿದು, ಮೀನು ತರಿಸಲೆಂದು ಮಂಗಳೂರಿನ ಒಬ್ಬ ಅಕ್ವೇರಿಯಂ ವ್ಯಾಪಾರಿಗೆ ಫೋನು ಮಾಡಿದೆ. ಅವರು ಮೊದಲು ಉಪ್ಪಿನ ವಿಚಾರ ಕೇಳಿದರು. ಹೇಳಿದೆ.

“ಎಂತ ಮಾರಾಯ್ರೆ, ಅಡುಗೆ ಉಪ್ಪು ಹಾಕಿದ್ರಾ? ಅದು ಸಮುದ್ರ ಅಲ್ಲ, ಸಾರು” ಅಂದರು.

ಸಮುದ್ರದ ಉಪ್ಪು ಎಂದರೆ ಬರೀ ಉಪ್ಪಲ್ಲವಂತೆ. ಅದರಲ್ಲಿ ಸುಣ್ಣದ ಅಂಶ, ಮೆಗ್ನೀಸಿಯಂ, ಇನ್ನೂ ಏನೇನೋ ಇಂತಿಷ್ಟೇ ಎಂದು ಬೆರೆತಿರುತ್ತವಂತೆ. ಅಷ್ಟು ದೊಡ್ಡ ಸಮುದ್ರದಲ್ಲಿ ಇಷ್ಟು ನಾಜೂಕಿನ ಪಾಕವೇ ಎಂದು ನಾನು ಬೆರಗಾದೆ. ಬೆರಗಾಗುತ್ತಲೇ ಅವರ ಒಂದು ಬಕೆಟ್ ಉಪ್ಪಿಗೆ ಆರ್ಡರ್ ಕೊಟ್ಟೆ. ಹಳೆಯ ನೀರು ಬಚ್ಚಲಿಗೆ ಹೋಯಿತು. ಕಲ್ಲನ್ನೂ ತಾವೇ ಕಳಿಸುವುದಾಗಿ ಅವರು ಹೇಳಿದಾಗ ಮಾತ್ರ ನನಗೆ ನಗು ತಡೆಯಲಾಗಲಿಲ್ಲ. ನಮ್ಮೂರಿಗೆ ಕಲ್ಲು! ಒಮ್ಮೆ ಹಂಪಿಗೆ ಬನ್ನಿ, ಆಮೇಲೆ ಕಲ್ಲಿನ ಮಾತಾಡೋಣ ಎಂದೆ. ಎಲ್ಲ ಕಲ್ಲೂ ಆಗುವುದಿಲ್ಲ ಎಂದು ಅವರು ವಿವರಿಸುತ್ತಿದ್ದರು. ವ್ಯಾಪಾರಿಯ ಮಾತು ವ್ಯಾಪಾರಿಗೆ ಗೊತ್ತಾಗುವುದಿಲ್ಲವೇ? ಫೋನು ಇಟ್ಟುಬಿಟ್ಟೆ.

ಮರುದಿನವೇ ಹಂಪಿಗೆ ಹೋದೆ. ಬಜಾರಿನ ಮಂಟಪಗಳ ಸಾಲು ದಾಟಿದರೆ, ಗುಡ್ಡದ ಮಗ್ಗುಲಲ್ಲಿ ತೆಂಗಿನಕಾಯಿ ಗಾತ್ರದ ಒಂದು ಕಲ್ಲು ನನಗೇ ಕಾದಿರುವಂತೆ ಬಿದ್ದಿತ್ತು. ಎತ್ತಿ ಚೀಲಕ್ಕೆ ಹಾಕುವಷ್ಟರಲ್ಲಿ ಸೀಟಿ ಕೇಳಿತು. ಕಾವಲುಗಾರ ಬಂದು ಚೀಲ ತೆರೆಸಿದ. ಮೀನಿಗೆ ಎಂದೆ. ಎಷ್ಟೋ ನೆಪ ಕೇಳಿದ್ದನಂತೆ, ಇದು ಮಾತ್ರ ಹೊಸದಂತೆ. ಇಲ್ಲಿಯ ಒಂದು ಹರಳನ್ನೂ ಒಯ್ಯುವ ಹಾಗಿಲ್ಲ, ಎಲ್ಲಿತ್ತೋ ಅಲ್ಲೇ, ಹೇಗಿತ್ತೋ ಹಾಗೇ ಇಡಬೇಕು ಎಂದು ಅಪ್ಪಣೆಯಾಯಿತು.

ಸುತ್ತ ನೋಡಿದೆ. ಕಣ್ಣು ಹರಿಯುವವರೆಗೂ ಕಲ್ಲು. ಇದು ಎಲ್ಲಿತ್ತು? ಯಾವ ಮಗ್ಗುಲು ಮೇಲಿತ್ತು? ಒಂದು ಕಡೆ ಇಟ್ಟೆ, ಅವನು ಒಪ್ಪಲಿಲ್ಲ. ತಿರುಗಿಸಿ ಇಟ್ಟೆ, ತಲೆಯಾಡಿಸಿದ. ಮಂಡಿಯೂರಿ ಇಟ್ಟೆ, ಎದ್ದೆ, ಮತ್ತೆ ಬಗ್ಗಿದೆ. ವಿದೇಶಿ ಹೆಂಗಸೊಬ್ಬಳು ಇದು ಯಾವುದೋ ಪುರಾತನ ಪೂಜೆ ಎಂದು ತಿಳಿದು, ಕೈಮುಗಿದು, ನನ್ನ ಫೋಟೋ ತೆಗೆದುಕೊಂಡಳು.

ಸೋಲೊಪ್ಪದೆ ಸಂಡೂರಿನ ಗೆಳೆಯ ಹುಲಗಪ್ಪನಿಗೆ ಫೋನು ಮಾಡಿ, ಅವನ ಮನೆಗೇ ಹೋದೆ. ಅವನು ಲಾರಿ ಇಟ್ಟವನು. ಅವನ ಹಿತ್ತಲಿನಲ್ಲಿ ಎಂಥ ಕಲ್ಲುಗಳು! ಕೆಂಪು, ನೇರಳೆ, ಮೈತುಂಬ ತೂತು, ಥೇಟ್ ವಿಡಿಯೋದಲ್ಲಿ ಇದ್ದ ಹಾಗೆ. ಸಂಡೂರಿನ ಬೆಟ್ಟಗಳನ್ನು ದಿನವೂ ನೋಡುವವನಿಗೆ ಅವುಗಳ ಒಳಗಿನ ಚಂದ ಅವತ್ತೇ ಕಂಡದ್ದು. ಇಬ್ಬರು ಹಿಡಿದರೆ ಕಷ್ಟದಿಂದ ಏಳುವ ಕಲ್ಲನ್ನು ಏದುಸಿರು ಬಿಡುತ್ತ ತಂದು ಪೆಟ್ಟಿಗೆಯಲ್ಲಿಟ್ಟೆ. ಮಂಗಳೂರಿನ ಉಪ್ಪು ಬೆರೆಸಿದ ನೀರು ತುಂಬಿದೆ. ಬೆಳಿಗ್ಗೆ ಎದ್ದು ನೋಡಿದರೆ ಪೆಟ್ಟಿಗೆಯಲ್ಲಿ ಕಲ್ಲು ಕಾಣುತ್ತಿಲ್ಲ, ನೀರು ಕಾವಿಯಂತಾಗಿದೆ. ಅದಿರಿನ ಕಲ್ಲು ನೀರಿಗೆ ಬಿದ್ದರೆ ಇನ್ನೇನಾದೀತು ಎಂದು ಇಡೀ ಬಳ್ಳಾರಿ ಸೀಮೆಗೆ ಗೊತ್ತು. ನನ್ನೊಬ್ಬನಿಗೆ ಹೊಳೆದಿರಲಿಲ್ಲ.

ಅತ್ತೆ ವಾಕರ್ ಹಿಡಿದು ಮೆಲ್ಲಗೆ ಬಂದರು. ಬಹಳ ಹೊತ್ತು ನೋಡಿದರು. “ಅಳಿಯಂದ್ರ, ಸಮುದ್ರ ಕೆಂಪಗ ಇರ್ತೈತೇನ್ರಿ?” ಎಂದು ಕೇಳಿದರು. ಆ ದನಿಯಲ್ಲಿ ಕುಹಕವಿರಲಿಲ್ಲ, ನಿಜವಾಗಿ ತಿಳಿಯಬೇಕೆಂಬ ಆಸೆ ಇತ್ತು. ಅದಕ್ಕೇ ನನಗೆ ಹೆಚ್ಚು ನಾಚಿಕೆಯಾಯಿತು. ಕೆಲವು ಕಡೆ ಹಾಗಿರುತ್ತದೆ ಎಂದು ಗೊಣಗಿದೆ.

“ಯವ್ವಾ, ಅದು ಸಮುದ್ರ ಅಲ್ಲ, ಸಂಡೂರು ಲಾರಿ ತೊಳದ ನೀರು” ಎಂದಳು ಗಿರಿಜಾ.

ನೀರು ತಿಳಿಯಾಗಲೆಂದು ಕೊಳೆ ತೆಗೆಯುವ ಯಂತ್ರ ಕಟ್ಟಲು ಕೂತೆ. ಇಂಥ ಪೆಟ್ಟಿಗೆಗಳಲ್ಲಿ ನೀರನ್ನು ಕಡೆದು ನೊರೆ ಎಬ್ಬಿಸಿ, ನೊರೆಯ ಜೊತೆ ಕೊಳೆಯನ್ನು ಹೊರಗೆ ಹಾಕುತ್ತಾರೆ. ಕೂಲರಿನ ಪಂಪು, ಪ್ಲಾಸ್ಟಿಕ್ ಪೈಪು, ಅಂಗಡಿಯಲ್ಲಿದ್ದ ಅರ್ಧ ಇಂಚಿನ ಬಾಲ್‌ವಾಲ್ವ್‌ಗಳನ್ನೆಲ್ಲ ಮನೆಗೆ ತಂದು ಜೋಡಿಸಿದೆ. ಸ್ವಿಚ್ ಹಾಕಿದೆ. ಕೆಲಸ ಮಾಡಿತು! ಬೇಕಾದ್ದಕ್ಕಿಂತ ಚೆನ್ನಾಗಿ ಮಾಡಿತು. ಕೆಂಪು ನೊರೆ ಪೆಟ್ಟಿಗೆ ದಾಟಿ, ಸ್ಟೂಲು ಇಳಿದು, ಪಡಸಾಲೆಯುದ್ದಕ್ಕೂ ನಡೆದು ದೇವರ ಕೋಣೆಯ ಹೊಸ್ತಿಲಲ್ಲಿ ನಿಂತಿತು. ಪುರಾಣದಲ್ಲಿ ಸಮುದ್ರ ಕಡೆದಾಗ ವಿಷ ಹುಟ್ಟಿತು, ಅದನ್ನು ಶಿವ ಕುಡಿದ. ನಮ್ಮಲ್ಲಿ ನೊರೆ ಹುಟ್ಟಿತು, ಅದನ್ನು ಗಿರಿಜಾ ಒರೆಸಿದಳು. ಒರೆಸುವ ಬಟ್ಟೆ ಹಿಂಡಿ ಹಾಕಿದ ಮೇಲೆ ಹತ್ತಿರ ಬಂದು ನಿಂತಳು.

“ಇದರಾಗ ಅವ್ವ ಕಾಲು ಜಾರಿ ಬಿದ್ದಿದ್ರ ಏನು ಗತಿ? ಐತವಾರ ಅಣ್ಣ ಕರಕೊಂಡು ಹೋಗಾಕ ಬರ್ತಾನ. ಅಷ್ಟರಾಗ ಆಕಿಗೆ ಏನು ತೋರಸ್ತೀರಿ ತೋರಸ್ರಿ. ಆಮ್ಯಾಲೆ ಆ ಪೆಟ್ಟಿಗ್ಯಾಗ ನಾನು ಜ್ವಾಳ ತುಂಬತೀನಿ. ಆಕಿ ದಿನಾ ಸೊಸಿಗೆ ಫೋನು ಮಾಡಿ, ನಮ್ಮ ಅಳಿಯಂದ್ರು ಸಮುದ್ರ ಕಟ್ಟಾಕತ್ಯಾರ ಅಂತ ಹೇಳ್ತಾಳ. ಗೊತ್ತೈತೇನು ನಿಮಗ?”

ಗೊತ್ತಿರಲಿಲ್ಲ. ನನ್ನ ಜಂಬವೆಲ್ಲ ಅಲ್ಲಿಗೆ ಇಳಿಯಿತು. ಮಂಗಳೂರಿಗೆ ಫೋನು ಮಾಡಿ, ತಗ್ಗಿದ ದನಿಯಲ್ಲಿ, ಕಲ್ಲು ಕಳಿಸಿಕೊಡಿ ಎಂದೆ. ಆ ಪುಣ್ಯಾತ್ಮ ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು. ಸಮುದ್ರದ ಹವಳದ ಕಲ್ಲನ್ನು ಕಿತ್ತು ಮಾರುವುದು ಕಾನೂನಿಗೆ ವಿರುದ್ಧ, ಆದ್ದರಿಂದ ತಾವೇ ಸಿಮೆಂಟು, ಚಿಪ್ಪಿನ ಪುಡಿ ಕಲಸಿ ಕಲ್ಲು ಮಾಡಿ, ತಿಂಗಳುಗಟ್ಟಲೆ ಉಪ್ಪುನೀರಿನಲ್ಲಿ ನೆನೆಹಾಕಿ, ಅದಕ್ಕೆ ಸಮುದ್ರದ ಸಣ್ಣ ಜೀವಗಳು ಹತ್ತಿದ ಮೇಲೆ ಮಾರುವುದಾಗಿ, ಅಂಥ ಸಿದ್ಧ ಕಲ್ಲೊಂದನ್ನು ಅವತ್ತೇ ಕಳಿಸುವುದಾಗಿ ಹೇಳಿದರು. ಅಂದರೆ ನಾನು ಹೊಸಪೇಟೆಗೆ ಕಲ್ಲು ತರಿಸುತ್ತಿದ್ದೆ, ಅದೂ ಮನುಷ್ಯ ಮಾಡಿದ ಕಲ್ಲು!

ಕೊರಿಯರಿನವನು ಪೆಟ್ಟಿಗೆಯನ್ನು ಗೇಟಿನಲ್ಲಿ ದೊಪ್ಪೆಂದು ಇಳಿಸಿ, ಒಳಗೆ ಏನಿದೆ ಎಂದು ಕೇಳಿದ. ಕಲ್ಲು ಎಂದೆ. ಅವನು ನನ್ನನ್ನು ನೋಡಿದ, ಆಮೇಲೆ ನಮ್ಮ ಓಣಿಯ ತುದಿಗೆ ಕಾಣುವ ಗುಡ್ಡವನ್ನು ನೋಡಿದ, ಆಮೇಲೆ ಸಹಿ ತೆಗೆದುಕೊಳ್ಳುವುದನ್ನೂ ಮರೆತು ಹೋದ. ಸಂಜೆಯೊಳಗೆ ಸುದ್ದಿ ಊರೆಲ್ಲ ಹಬ್ಬಿತು. ಅಂಗಡಿಗೆ ಬಂದವರು ಬುಶ್ ಕೇಳುವ ಮೊದಲು ಕಲ್ಲು ಕೇಳಿದರು. ಎದುರಿನ ಟೈರ್ ಅಂಗಡಿಯವನು ಚಹಾ ಕುಡಿಯುತ್ತ, “ಸಾವ್ಕಾರ್ರ, ಬಿಸಿಲು ಯಾವಾಗ ತರಸ್ತೀರಿ?” ಎಂದ.

ಐತವಾರದ ಹಿಂದಿನ ದಿನ, ಶನಿವಾರ, ಅಂಗಡಿ ಬೇಗ ಮುಚ್ಚಿ ಬಂದೆ. ಸಂಡೂರಿನ ಕಲ್ಲು ಹಿತ್ತಲಿಗೆ, ಕೆಂಪು ನೀರು ಬಚ್ಚಲಿಗೆ ಹೋಗಿದ್ದವು. ಈಗ ಪೆಟ್ಟಿಗೆಯಲ್ಲಿ ತಿಳಿನೀರು, ಮಂದ ಬೆಳಕು, ನಡುವೆ ಬೂದು ಬಣ್ಣದ ಒಂದು ಕಲ್ಲು. ಮೀನಿಲ್ಲ. ನೀರು ಹದಕ್ಕೆ ಬರಲು ಇನ್ನೂ ವಾರಗಟ್ಟಲೆ ಕಾಯಬೇಕು, ಈಗಲೇ ಮೀನು ಬಿಟ್ಟರೆ ಸಾಯುತ್ತದೆ ಎಂದು ಮಂಗಳೂರಿನವರು ಖಡಾಖಂಡಿತ ಹೇಳಿದ್ದರು. ಅತ್ತೆ ಗೋಕರ್ಣಕ್ಕೆಂದು ಫಾಲ್ ಹಚ್ಚಿಸಿದ್ದ ಅದೇ ಸೀರೆ ಉಟ್ಟು ಕುರ್ಚಿಯಲ್ಲಿ ಬಂದು ಕೂತರು. ನನಗೆ ಭೂಮಿ ಬಾಯಿ ಬಿಡಬಾರದೇ ಅನಿಸಿತು. ಸೀರೆ ಉಟ್ಟು ಬಂದ ಮುದುಕಿಗೆ ಒಂದು ಸಿಮೆಂಟಿನ ಮುದ್ದೆ ತೋರಿಸುತ್ತಿದ್ದೇನಲ್ಲ!

ಅತ್ತೆ ಬೆರಳದ್ದಿ ನಾಲಿಗೆಗೆ ಹಚ್ಚಿ ನೋಡಿದರು. ಉಪ್ಪು ಎಂದು ತಲೆದೂಗಿದರು. ಎರಡು ಹನಿ ತಮ್ಮ ತಲೆಗೆ, ಎರಡು ಹನಿ ಮಗಳ ತಲೆಗೆ ಪ್ರೋಕ್ಷಿಸಿದರು. ಆಮೇಲೆ ಸುಮ್ಮನೆ ನೋಡುತ್ತ ಕೂತರು. ನಾವೂ ಕೂತೆವು.

ಆಗ ಕಲ್ಲಿನ ಒಂದು ಸಣ್ಣ ತೂತಿನಿಂದ ಏನೋ ಹೊರಬಂತು. ಮೊದಲು ಒಂದು ಎಳೆ, ಆಮೇಲೆ ಇನ್ನೊಂದು. ನೋಡನೋಡುತ್ತ ಹೆಬ್ಬೆರಳಿನ ಉಗುರಿನಷ್ಟು ಅಗಲದ ಬೀಸಣಿಗೆಯೊಂದು ಅರಳಿತು. ಬಿಳಿ, ಅಂಚಿಗೆ ನೇರಳೆ ಪಟ್ಟಿ, ಹಕ್ಕಿಯ ಗರಿಗಿಂತ ನವಿರು. ನೀರಿನ ಅಲುಗಾಟಕ್ಕೆ ಅದು ಉಸಿರಾಡುವಂತೆ ತೂಗಿತು. ಗಿರಿಜಾ ನನ್ನ ತೋಳು ಹಿಡಿದುಕೊಂಡದ್ದು ಆಕೆಗೇ ತಿಳಿಯಲಿಲ್ಲ. ನಾನು ಹುಡುಕಿ ತಂದ ಸಾಮಾನು ಇದಲ್ಲ, ಆರ್ಡರ್ ಕೊಟ್ಟದ್ದೂ ಅಲ್ಲ. ಕಲ್ಲಿನೊಳಗೆ ಕೂತು, ಲಾರಿ ಹತ್ತಿ, ಘಟ್ಟ ದಾಟಿ, ನಮ್ಮ ಪಡಸಾಲೆಗೆ ತಾನಾಗಿ ಬಂದ ಜೀವ.

“ಗೋಕರ್ಣಕ್ಕ ಹೋದವ್ರು ದಂಡಿ ನೋಡಿ ಬಂದ್ರು” ಎಂದರು ಅತ್ತೆ, ಪಿಸುದನಿಯಲ್ಲಿ. “ನಾನು ಒಳಗಿಂದು ನೋಡಿದೆ.” ಅವರ ಕೆನ್ನೆ ತೊಯ್ದಿತ್ತು.

ಅಷ್ಟಕ್ಕೆ ನಾನು ಸುಮ್ಮನಿರಬೇಕಿತ್ತು. ಇದರ ಜೀವನಕ್ರಮವನ್ನು ವಿವರಿಸಬೇಕೆಂಬ ಹುಮ್ಮಸ್ಸಿನಲ್ಲಿ ಎದ್ದು, ಬೆರಳು ತೋರಿಸುತ್ತ ಮುಂದೆ ಬಾಗಿದೆ. ನನ್ನ ನೆರಳು ನೀರಿನ ಮೇಲೆ ಬಿತ್ತು. ಬೀಸಣಿಗೆ ಚಕ್ಕನೆ ಒಳಗೆ ಹೋಯಿತು. ಮತ್ತೆ ಬರೀ ಕಲ್ಲು! ತಾಯಿ, ಮಗಳು ಇಬ್ಬರೂ ನನ್ನ ಕಡೆ ತಿರುಗಿದರು.

“ಅಳಿಯಂದ್ರ, ತಪ್ಪು ತಿಳೀಬ್ಯಾಡ್ರಿ” ಎಂದರು ಅತ್ತೆ. “ನೀವು ಸ್ವಲ್ಪ ಹೊರಗ ಕುಂತ್ರ ಅದು ಬರತೈತೇನೋ.”

ಹೀಗೆ, ಹೊಸಪೇಟೆಗೆ ಸಮುದ್ರ ತಂದ ಮಹನೀಯನಾದ ನಾನು ಕಟ್ಟೆಯ ಮೇಲೆ ಕೂತೆ. ಕೂತು ಸ್ವಲ್ಪ ಹೊತ್ತಿಗೆ ಒಳಗಿನಿಂದ “ಬಂತು, ಬಂತು” ಎಂಬ ಪಿಸುಮಾತು ಕೇಳಿಸಿತು.

ಅದೇ ಹೊತ್ತಿಗೆ ಮರಿಯಮ್ಮನಹಳ್ಳಿಯ ಹಳೆಯ ಗಿರಾಕಿ ಈರಣ್ಣ ಬಂದ. ಅಂಗಡಿ ಮುಚ್ಚಿದ್ದು ನೋಡಿ ಮನೆಗೇ ಬಂದಿದ್ದ. ಅವನಿಗೆ ಬೇಕಾದದ್ದು ಅರ್ಧ ಇಂಚಿನ ಒಂದು ಬಾಲ್‌ವಾಲ್ವ್. ನನ್ನ ಬಾಲ್‌ವಾಲ್ವ್‌ಗಳಷ್ಟೂ ಒಳಗೆ ಪೆಟ್ಟಿಗೆಯ ಪಕ್ಕದ ನೊರೆ ಯಂತ್ರದ ಮೈಮೇಲೆ ಇದ್ದವು. ಅದನ್ನು ತರಲು ಹೋದರೆ ನೆರಳು ಬೀಳುತ್ತದೆ.

“ಇಲ್ಲಪ್ಪ” ಎಂದೆ.

ನನ್ನ ಬಾಯಿಂದ ಆ ಮಾತು ಕೇಳಿ ಈರಣ್ಣನಿಗೆ ಗಾಬರಿಯಾಯಿತು. ಮೈಯಲ್ಲಿ ಆರಾಮವಿಲ್ಲವೇನೋ ಎಂದು ಹಣೆ ಮುಟ್ಟಿ ನೋಡಲು ಬಂದ. ಅಷ್ಟರಲ್ಲಿ ಒಳಗಿನಿಂದ ಅತ್ತೆಯವರ ದನಿ ಕೇಳಿತು. ಯಾರೋ ಬಂದಂಗೈತಿ, ಅವರನ್ನೂ ಒಳಗ ಕಳಿಸ್ರಿ, ಸಾವಕಾಶ ಬಂದು ಕುಂದ್ರಾಕ ಹೇಳ್ರಿ ಎಂದರು. ಈರಣ್ಣ ಚಪ್ಪಲಿ ಬಿಟ್ಟು ಬೆಕ್ಕಿನ ಹೆಜ್ಜೆಯಲ್ಲಿ ಒಳಗೆ ಹೋದ. ಹೋದವನು ಬಾಲ್‌ವಾಲ್ವಿನ ಮಾತನ್ನೇ ಎತ್ತಲಿಲ್ಲ. ಅವರು ಮೂವರೂ ಸಮುದ್ರ ನೋಡುತ್ತ ಕೂತರು, ನಾನು ಹೊರಗೆ ಅವರ ಚಪ್ಪಲಿ ಕಾಯುತ್ತ ಕೂತೆ.